ದುಡಿಯುವ ಪಡೆಯ ಹೊರಗಿರುವ ಗಂಡಸರು: ಕರಾವಳಿಯಲ್ಲಿ ಎಣಿಸುವಾಗ ಎಲ್ಲಿ ತಪ್ಪುತ್ತದೆ?

ಗಜನಿ ಗದ್ದೆ (ಕುಮಟಾ)

ಅಘನಾಶಿನಿ ದಂಡೆಯ ಮೂರು ಮಜರೆಗಳಲ್ಲಿ ಸುಮಾರು 300 ಮನೆ ಎಣಿಸುವ ತಯಾರಿ ನಡೆದಿದೆ. ಪಂಚಾಯತಿಗೆ ಬೇಕಾದದ್ದು ಇಷ್ಟು: 15 ವರ್ಷ ದಾಟಿದ ಗಂಡಸರಲ್ಲಿ ದುಡಿಯದೆ, ಕೆಲಸವನ್ನೂ ಹುಡುಕದೆ ಇರುವವರು ಎಷ್ಟು, ಯಾಕೆ. ಬಂದ ಅಂಕಿಯನ್ನು ಕೇಂದ್ರದ ಪಿಎಲ್‌ಎಫ್‌ಎಸ್ (ದುಡಿಯುವ ಪಡೆಯನ್ನು ಅಳೆಯುವ) ಸಮೀಕ್ಷೆಯ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು ಎಂಬ ಆಸೆ. ಎಣಿಕೆ ಜೂನ್ ಎರಡನೇ ವಾರದಲ್ಲಿ, ಕಾಲೇಜು ಹುಡುಗರು ಬಿಡುವಾಗಿರುವಾಗ. ಪ್ರಶ್ನೆಪಟ್ಟಿಯಲ್ಲಿ ಸದ್ಯಕ್ಕೆ ಇರುವುದು: "ಕೆಲಸ ಇದೆಯೇ? ಇಲ್ಲದಿದ್ದರೆ ಯಾಕೆ?" ಇಷ್ಟು ಸಾಕೇ? ತಿಳಿದವರು ತಿದ್ದಿ.

ಕಾಳಿ ಸಂಗಮ (ಕಾರವಾರ)

ಸಾಕಾಗದು. ಮೊದಲು ಯಾವ ಅಂಕಿಯ ಪಕ್ಕ ಇಡುತ್ತಿದ್ದೀರಿ ಎಂಬುದು ಸ್ಪಷ್ಟವಾಗಲಿ.

2023-24ರ ಪಿಎಲ್‌ಎಫ್‌ಎಸ್ ವಾರ್ಷಿಕ ವರದಿಯಲ್ಲಿ ದೇಶದ 15+ ಗಂಡಸರ ಪಾಲ್ಗೊಳ್ಳುವಿಕೆ (ದುಡಿಯುವವರು, ಕೆಲಸಕ್ಕೆ ಸಿದ್ಧರಿರುವವರು ಇಬ್ಬರೂ ಸೇರಿ) ಶೇ 78.8. ದುಡಿಮೆಯಲ್ಲಿರುವವರು ಶೇ 76.3. ಇವೆರಡರ ನಡುವಿನ 2.5 ನಿರುದ್ಯೋಗಿಗಳು. ಉಳಿದ 21.2 ಪಡೆಯ ಹೊರಗೆ. ಪತ್ರಿಕೆಯಲ್ಲಿ ತಲೆಬರಹವಾಗುವ "ನಿರುದ್ಯೋಗ ಶೇ 3.2" ಬರುವುದು 2.5ನ್ನು 78.8ರಿಂದ ಭಾಗಿಸಿದಾಗ, 100ರಿಂದ ಅಲ್ಲ. ಹೊರಗಿರುವ 21.2 ಮಂದಿ ಆ ಭಾಗಾಕಾರದೊಳಗೆ ಬರುವುದೇ ಇಲ್ಲ. ನಿರುದ್ಯೋಗಿ ಒಬ್ಬನಿದ್ದರೆ ಹೊರಗಿರುವವರು ಎಂಟಕ್ಕೂ ಹೆಚ್ಚು. ಕೆಲಸ ಹುಡುಕುವುದನ್ನೂ, ಸಿಕ್ಕರೆ ಮಾಡುವ ಮನಸ್ಸನ್ನೂ ಒಬ್ಬ ಬಿಟ್ಟುಬಿಟ್ಟರೆ ನಿರುದ್ಯೋಗ ದರ ಇಳಿಯುತ್ತದೆ. ಅವನ ಮನೆಯ ಸ್ಥಿತಿ ಮಾತ್ರ ಹಾಗೇ ಇರುತ್ತದೆ. ಆದ್ದರಿಂದ ನಿಮ್ಮ ಪಂಚಾಯತಿ ಕೇಳಿದ ಪ್ರಶ್ನೆ ಸರಿಯಾಗಿದೆ.

2017-18ರ ಮೊದಲ ಸುತ್ತಿನಲ್ಲಿ ಗಂಡಸರ ಪಾಲ್ಗೊಳ್ಳುವಿಕೆ 75.8 ಇತ್ತು. ಅಂದರೆ ಹೊರಗಿದ್ದವರು 24.2ರಿಂದ 21.2ಕ್ಕೆ ಬಂದಿದ್ದಾರೆ.

ಈ ಅಂಕಿಗಳೆಲ್ಲ "ಯೂಶುವಲ್ ಸ್ಟೇಟಸ್", ಅಂದರೆ ಹಿಂದಿನ 365 ದಿನಗಳ ಲೆಕ್ಕ. 2025ರ ಏಪ್ರಿಲ್‌ನಿಂದ ತಿಂಗಳು ತಿಂಗಳು ಬರುತ್ತಿರುವುದು ವಾರದ ಲೆಕ್ಕ, ಹಿಂದಿನ 7 ದಿನಗಳದ್ದು. ಆ ಏಪ್ರಿಲ್‌ನಲ್ಲಿ ಹಳ್ಳಿಯ ಗಂಡಸರದ್ದು ಶೇ 79.0, ಪಟ್ಟಣದವರದ್ದು 75.3. ವರ್ಷದ ಲೆಕ್ಕವನ್ನೂ ವಾರದ ಲೆಕ್ಕವನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ. ನಿಮ್ಮ ಈಗಿನ ಪ್ರಶ್ನೆ ಎರಡಕ್ಕೂ ಸೇರುವುದಿಲ್ಲ.

ಬೈತಖೋಲ ಧಕ್ಕೆ (ಕಾರವಾರ)

ಜೂನ್ ಎರಡನೇ ವಾರವೇ? ಮಾರಾಯ್ರೆ, ಅದೊಂದನ್ನು ಮೊದಲು ಬದಲಿಸಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಹೊತ್ತಿನಲ್ಲಿ ಮೀನುಗಾರರ ಕೇರಿಗೆ ಹೋಗಿ "ಕೆಲಸ ಇದೆಯೇ" ಎಂದು ಕೇಳಿದರೆ ಹತ್ತು ಮನೆಯಲ್ಲಿ ಎಂಟು ಮನೆ "ಇಲ್ಲ" ಎನ್ನುತ್ತದೆ. ಅದೇ ಪ್ರಶ್ನೆಯನ್ನು ಸೆಪ್ಟೆಂಬರಿನಲ್ಲಿ ಕೇಳಿದರೆ ಉತ್ತರ ತಿರುಗಿ ಬೀಳುತ್ತದೆ.

ವಾರದ ಲೆಕ್ಕದಲ್ಲಿ ಇನ್ನೂ ಒಂದು ತೊಡಕಿದೆ. ಒಂದೇ ಬೋಟಿನ ಇಬ್ಬರನ್ನು ನೋಡಿ. ಬೋಟಿನ ಮಾಲೀಕ ಬಂದ್ ಇರುವ ವಾರದಲ್ಲಿ ಇಂಜಿನ್ ರಿಪೇರಿಯ ಹತ್ತಿರ ಒಂದು ತಾಸು ನಿಂತಿದ್ದರೂ ದುಡಿಮೆಯಲ್ಲಿದ್ದಾನೆ. ಏನೂ ಮಾಡದಿದ್ದರೂ ಸಮೀಕ್ಷೆಯಲ್ಲಿ ಅವನಿಗೆ 62 ಎಂಬ ಕೋಡ್ ಇದೆ: ಮನೆಯ ಉದ್ಯಮ ಇದೆ, ಬೇರೆ ಕಾರಣಕ್ಕೆ ಈ ವಾರ ಕೆಲಸ ಮಾಡಿಲ್ಲ. ಅದೂ ದುಡಿಯುವವರ ಪಟ್ಟಿಗೇ ಸೇರುತ್ತದೆ. ಪಾಲಿಗೆ ಅಥವಾ ದಿನಗೂಲಿಗೆ ಹೋಗುವ ಕಲಾಸಿಯನ್ನು (ಬೋಟಿನ ಆಳನ್ನು) ಗಣತಿದಾರ ಬಿಡಿ ಕೂಲಿ ಎಂದು ಬರೆದುಕೊಂಡರೆ ಅವನಿಗೆ ಅಂಥ ಕೋಡ್ ಇಲ್ಲ. ಬೇರೆ ಕೆಲಸ ಹುಡುಕಿದರೆ 81, ಹುಡುಕದಿದ್ದರೂ ಸಿಕ್ಕರೆ ಮಾಡುತ್ತೇನೆ ಎಂದರೆ 82, "ಆಗಸ್ಟಿನವರೆಗೆ ಮನೆಯಲ್ಲೇ" ಎಂದರೆ ಪಡೆಯ ಹೊರಗೆ. ಒಂದೇ ಧಕ್ಕೆ, ಒಂದೇ ಬೋಟು, ಕಾರಣವೂ ಒಂದೇ, ಆದರೂ ಮೂರು ಕಡೆ ಬೀಳುತ್ತಾರೆ. ನಾಡದೋಣಿಯವರಿಗೆ ಈ ನಿಷೇಧ ಇಲ್ಲ, ಹಾಗಾಗಿ ಅವರನ್ನು ಬೋಟಿನವರ ಜೊತೆ ಒಂದೇ ಸಾಲಿನಲ್ಲಿ ಬರೆಯಬೇಡಿ.

ಬಲೆ ಕಟ್ಟುವುದು, ಹರಿದ ಬಲೆ ಹೊಲಿಯುವುದು, ದೋಣಿಗೆ ಎಣ್ಣೆ ಹಚ್ಚುವುದು, ಇವೆಲ್ಲ ದುಡಿಮೆಯೇ. ಮನೆಯವರು ತಾವಾಗಿ ಹೇಳುವುದಿಲ್ಲ, ಕೆದಕಿ ಕೇಳಬೇಕು.

ತೋಟಪಟ್ಟಿ (ಶಿರಸಿ)

ಘಟ್ಟದ ಮೇಲೂ ಇದೇ ಕತೆ, ತಿಂಗಳು ಮಾತ್ರ ಬೇರೆ. ಅಡಿಕೆ ಕೊಯ್ಲು, ಸುಲಿತ ಮುಗಿದ ಮೇಲೆ ಏಪ್ರಿಲ್-ಮೇನಲ್ಲಿ ಕೇಳಿದರೆ ಒಂದು ಉತ್ತರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ವಾರದಲ್ಲಿ ಕೇಳಿದರೆ ಇನ್ನೊಂದು.

ತೋಟದ ಯಜಮಾನರ ವಿಷಯದಲ್ಲಿ ಆಗುವ ತಪ್ಪು ಹೇಳುತ್ತೇನೆ. ಸ್ವತಃ ಕತ್ತಿ ಹಿಡಿಯದಿದ್ದರೂ ಆಳಿಗೆ ಹೇಳಿ ಮಾಡಿಸಿ, ಕೊನೆಗೌಡರನ್ನು (ಮರ ಹತ್ತಿ ಅಡಿಕೆ ಕೊಯ್ಯುವವರನ್ನು) ಗೊತ್ತು ಮಾಡಿ, ಅಂಗಳದಲ್ಲಿ ಅಡಿಕೆ ನೋಡಿಕೊಳ್ಳುವವರು ದುಡಿಮೆಯಲ್ಲಿದ್ದಾರೆ. ವರ್ಷವಿಡೀ ಕೂಲಿಯಾಳು ಇಟ್ಟಿದ್ದರೆ 12, ಇಲ್ಲದಿದ್ದರೆ 11. ತೋಟವನ್ನು ಪೂರ್ತಿ ಗುತ್ತಿಗೆಗೆ ಕೊಟ್ಟು ಹಣ ಮಾತ್ರ ಪಡೆಯುವವರಾದರೆ 94: ಬಾಡಿಗೆ, ಪಿಂಚಣಿ, ಹೊರಗಿನಿಂದ ಬರುವ ಹಣದ ಮೇಲೆ ಇರುವವರು. ಇವರು ಪಡೆಯ ಹೊರಗೆ. ಎರಡೂ ಮನೆಯ ಜಗಲಿಯ ಮೇಲೆ ಕೂತವರನ್ನು ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. "ತೋಟದ ಖರ್ಚು ಯಾರದ್ದು, ನಷ್ಟವಾದರೆ ಯಾರಿಗೆ?" ಎಂದು ಕೇಳಿದರೆ ಗೊತ್ತಾಗುತ್ತದೆ.

ಕಾಲೇಜು ಮುಗಿಸಿ ಮನೆಗೆ ಬಂದ ಮಗನ ಬಗ್ಗೆ ಅಪ್ಪ "ಅಂವ ಸುಮ್ನೆ ಇದ್ದ" ಎಂದು ಹೇಳುತ್ತಾರೆ. ಅದೇ ಹುಡುಗ ದಿನಾ ಎರಡು ತಾಸು ತೋಟಕ್ಕೆ ನೀರು ಬಿಡುತ್ತಾನೆ, ಸೊಸೈಟಿಗೆ ಅಡಿಕೆ ಒಯ್ಯುತ್ತಾನೆ. ಅದು 21, ಸಂಬಳವಿಲ್ಲದೆ ಮನೆಯ ಉದ್ಯಮಕ್ಕೆ ನೆರವಾಗುವವನು. ಅವನೂ ಪಡೆಯ ಒಳಗೆ. ಆದ್ದರಿಂದ ಯಜಮಾನರ ಬಾಯಿಂದ ಎಲ್ಲರ ಉತ್ತರ ಬರೆದುಕೊಳ್ಳಬೇಡಿ. ಆಯಾ ವ್ಯಕ್ತಿಯನ್ನೇ ಕೇಳಿ. ಆಗದಿದ್ದರೆ ಯಾರು ಉತ್ತರಿಸಿದರು ಎಂಬ ಒಂದು ಕಾಲಂ ಇರಲಿ.

ಗಜನಿ ಗದ್ದೆ (ಕುಮಟಾ)

ಎಣಿಕೆಯನ್ನು ಮುಂದೂಡುವುದು ಕಷ್ಟ, ಹುಡುಗರು ಸಿಗುವುದಿಲ್ಲ. ಜೂನ್‌ನಲ್ಲೇ ಹೋಗಿ ವರ್ಷದ ಲೆಕ್ಕ ಕೇಳಿದರೆ ನಡೆಯುತ್ತದೆಯೇ? ಬೋಟಿನವನು 10 ತಿಂಗಳು ಕಡಲಿಗೆ ಹೋದವನು, ಅವನು ದುಡಿಯುವವನೇ ಆಗುತ್ತಾನಲ್ಲ. ಆದರೆ 4-5 ತಿಂಗಳು ಮಾತ್ರ ಕೆಲಸ ಇರುವವರನ್ನು ಏನು ಮಾಡುವುದು? ನಮ್ಮಲ್ಲಿ ಉಪ್ಪಿನ ಆಗರಕ್ಕೆ ಹೋಗುವವರು, ಮೇಳಕ್ಕೆ ಹೋಗುವ ಯಕ್ಷಗಾನದವರು ಇದ್ದಾರೆ.

ಕಾಳಿ ಸಂಗಮ (ಕಾರವಾರ)

ನಡೆಯುತ್ತದೆ. ಆದರೆ "6 ತಿಂಗಳಿಗಿಂತ ಕಡಿಮೆ ದುಡಿದರೆ ಹೊರಗೆ" ಎಂದು ಬರೆದುಬಿಡಬೇಡಿ, ಬಹಳ ಕಡೆ ಆಗುವ ತಪ್ಪು ಅದೇ. ಪಿಎಲ್‌ಎಫ್‌ಎಸ್ ಎರಡು ಮೆಟ್ಟಿಲಲ್ಲಿ ತೀರ್ಮಾನಿಸುತ್ತದೆ.

ಮೊದಲ ಮೆಟ್ಟಿಲು: ದುಡಿದ ದಿನ ಮತ್ತು ಕೆಲಸಕ್ಕೆ ಸಿದ್ಧನಿದ್ದ ದಿನ, ಎರಡನ್ನೂ ಕೂಡಿಸಿ. ಅದು ಪಡೆಯ ಒಳಗಿನ ಕಾಲ. ಉಳಿದದ್ದು ಹೊರಗಿನ ಕಾಲ. ಯಾವುದು ಹೆಚ್ಚೋ ಅದರ ಕಡೆ ಅವನು. ಎರಡನೇ ಮೆಟ್ಟಿಲು: ಒಳಗೆ ಬಂದವನಲ್ಲಿ ದುಡಿದದ್ದು ಹೆಚ್ಚೋ, ಹುಡುಕಿದ್ದು ಹೆಚ್ಚೋ. ಹೀಗೆ ತೀರ್ಮಾನವಾದದ್ದು ಅವನ ಮುಖ್ಯ ಸ್ಥಿತಿ.

ಉದಾಹರಣೆಗೆ, 5 ತಿಂಗಳು ಮೇಳ, 4 ತಿಂಗಳು ಏನಾದರೂ ಕೆಲಸ ಸಿಗಲಿ ಎಂದು ಕಾದದ್ದು, 3 ತಿಂಗಳು ಸುಮ್ಮನಿದ್ದದ್ದು. ಒಳಗಿನ ಕಾಲ 9, ಹೊರಗಿನದು 3. ಹಾಗಾಗಿ ಒಳಗೆ. ಒಳಗೆ 5 ದೊಡ್ಡದು, 4 ಸಣ್ಣದು, ಹಾಗಾಗಿ ದುಡಿಯುವವನು. ವರ್ಷದಲ್ಲಿ ದುಡಿದದ್ದು ಅರ್ಧಕ್ಕಿಂತ ಕಡಿಮೆಯಾದರೂ ಅವನು ದುಡಿಯುವವನೇ.

ಇನ್ನೊಬ್ಬ: 4 ತಿಂಗಳು ಆಗರ, 5 ತಿಂಗಳು ಹುಡುಕಾಟ, 3 ತಿಂಗಳು ಸುಮ್ಮನೆ. ಮುಖ್ಯ ಸ್ಥಿತಿಯಲ್ಲಿ ನಿರುದ್ಯೋಗಿ.

ಮೂರನೆಯವನು: 4 ತಿಂಗಳು ಕೊಯ್ಲು, 8 ತಿಂಗಳು ಯಾವ ಕೆಲಸವೂ ಬೇಡ ಎಂದು ಮನೆಯಲ್ಲಿ. ಮುಖ್ಯ ಸ್ಥಿತಿಯಲ್ಲಿ ಹೊರಗಿನವನು.

ಆದರೆ ಮುಗಿದಿಲ್ಲ. ವರ್ಷದಲ್ಲಿ 30 ದಿನ ಅಥವಾ ಹೆಚ್ಚು ಪೂರಕವಾಗಿ ದುಡಿದಿದ್ದರೆ "ಸಬ್ಸಿಡಿಯರಿ ಸ್ಟೇಟಸ್" ಸೇರುತ್ತದೆ. ವರದಿಯ ತಲೆಬರಹದ ಅಂಕಿ ಮುಖ್ಯ ಮತ್ತು ಪೂರಕ ಎರಡನ್ನೂ ಕೂಡಿಸಿದ್ದು. ಅದರಲ್ಲಿ ಮೇಲಿನ ಮೂವರೂ ದುಡಿಯುವವರಾಗುತ್ತಾರೆ! ಶೇ 21.2 ಎಂಬುದು ವರ್ಷದಲ್ಲಿ 30 ದಿನವೂ ದುಡಿಯದೆ, ವರ್ಷದ ಹೆಚ್ಚಿನ ಕಾಲ ಕೆಲಸಕ್ಕೂ ಸಿದ್ಧರಿಲ್ಲದೆ ಇದ್ದವರ ಲೆಕ್ಕ. ನೀವು ಮುಖ್ಯ ಸ್ಥಿತಿ ಮಾತ್ರ ಬರೆದುಕೊಂಡು ಅದನ್ನು 21.2ರ ಜೊತೆ ಹೋಲಿಸಿದರೆ ನಿಮ್ಮ ಊರು ಇರುವುದಕ್ಕಿಂತ ಸೋಮಾರಿಯಾಗಿ ಕಾಣುತ್ತದೆ. ಪಂಚಾಯತಿ ಸಭೆಯಲ್ಲಿ ಅಂಥ ಮಾತು ಒಮ್ಮೆ ಹೊರಬಿದ್ದರೆ ಹಿಂದೆ ತೆಗೆದುಕೊಳ್ಳಲಾಗದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಜನಗಣತಿಯ ಅಳತೆ ಮತ್ತೆ ಬೇರೆ. 2011ರಲ್ಲಿ 6 ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು, ಕಡಿಮೆ ದುಡಿದವರು ಅಂಚಿನ ದುಡಿಮೆಗಾರರು, ಏನೂ ದುಡಿಯದವರು ದುಡಿಯದವರು. ಅಲ್ಲಿ "ದುಡಿಯದವರು" ಎಂಬುದರಲ್ಲಿ ಮಕ್ಕಳೂ ಇದ್ದಾರೆ, ಕೆಲಸ ಹುಡುಕುವವರೂ ಇದ್ದಾರೆ. 14,37,169 ಜನರ ನಮ್ಮ ಜಿಲ್ಲೆಯ ಆ ಕೋಷ್ಟಕದಿಂದ ದುಡಿಯದವರ ಸಂಖ್ಯೆ ತೆಗೆದು ಪಿಎಲ್‌ಎಫ್‌ಎಸ್ ಪಕ್ಕ ಇಡುವುದು ಸರಿಯಲ್ಲ.

ಸದಾಶಿವಗಡ ಸೇತುವೆ

ಗಂಡಸರು ದುಡಿಮೆಯಿಂದ ಹಿಂದೆ ಸರಿಯುತ್ತಿದ್ದಾರೆ ಎಂಬುದು ಅಮೆರಿಕದಲ್ಲಿ ದೊಡ್ಡ ಚರ್ಚೆ. ಅಲ್ಲಿ 25-54ರ ಗಂಡಸರಲ್ಲಿ 1950ರ ದಶಕದಲ್ಲಿ ಶೇ 97ರ ಸುಮಾರು ಪಾಲ್ಗೊಳ್ಳುವಿಕೆ ಇತ್ತು, ಈಗ 89ರ ಆಸುಪಾಸು. ನಮ್ಮಲ್ಲಿ 78.8 ಎಂದರೆ ಅಮೆರಿಕಕ್ಕಿಂತ ಕೆಟ್ಟ ಸ್ಥಿತಿ ಎಂದಾಯಿತಲ್ಲವೇ?

ಲೆಕ್ಕದ ಹಲಗೆ (ಅಂಕೋಲಾ)

ಇಲ್ಲ, ನಮ್ಮ 78.8 ಎಂಬುದು 15ರಿಂದ ಮೇಲಿನ ಎಲ್ಲರದ್ದು, ಅಮೆರಿಕದ 89 ಎಂಬುದು 25-54ರದ್ದು. ನಮ್ಮ 21.2ರೊಳಗೆ ಪಿಯುಸಿ ಓದುವ ಹುಡುಗನೂ ಇದ್ದಾನೆ, 80ರ ಅಜ್ಜನೂ ಇದ್ದಾನೆ. ಭಾರತದಲ್ಲಿ 30ರಿಂದ 50ರ ಗಂಡಸರನ್ನು ಮಾತ್ರ ನೋಡಿದರೆ ಶೇ 95ಕ್ಕೂ ಹೆಚ್ಚು ಮಂದಿ ಪಡೆಯ ಒಳಗಿದ್ದಾರೆ. ನಮ್ಮಲ್ಲಿ ಹೊರಗಿರುವ ಗಂಡಸರು ಹೆಚ್ಚಾಗಿ ವಯಸ್ಸಿನ ಎರಡು ತುದಿಗಳಲ್ಲಿ ಇರುವವರು. ಅಮೆರಿಕದವರ ಚಿಂತೆ ನಡುವಯಸ್ಸಿನದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ, ಅಷ್ಟೇ.

ಅಳತೆಗಳೂ ಬೇರೆ. ಅಲ್ಲಿನ ಸಿಪಿಎಸ್ ಸಮೀಕ್ಷೆ ತಿಂಗಳಿಗೆ ಸುಮಾರು 60,000 ಮನೆಗಳದ್ದು, 16 ವರ್ಷದಿಂದ ಶುರು, ತಿಂಗಳ 12ನೇ ತಾರೀಖು ಬರುವ ವಾರದ ಬಗ್ಗೆ ಕೇಳುತ್ತಾರೆ. ನಿರುದ್ಯೋಗಿ ಎನಿಸಿಕೊಳ್ಳಲು ಹಿಂದಿನ 4 ವಾರದಲ್ಲಿ ನಿಜವಾಗಿ ಹುಡುಕಿರಬೇಕು. ಆಸೆ ಬಿಟ್ಟು ಹುಡುಕದೆ ಕೂತವನು ಅಲ್ಲಿ ಪಡೆಯ ಹೊರಗೆ. ನಮ್ಮಲ್ಲಿ ಅದೇ ಮನುಷ್ಯ "ಸಿಕ್ಕರೆ ಮಾಡುತ್ತೇನೆ" ಎಂದರೆ 82, ಅಂದರೆ ನಿರುದ್ಯೋಗಿ, ಪಡೆಯ ಒಳಗೆ. ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವವನು ಅಲ್ಲಿ ವಾರಕ್ಕೆ 15 ತಾಸು ದುಡಿದರೆ ಮಾತ್ರ ಲೆಕ್ಕಕ್ಕೆ. ಇಲ್ಲಿ 1 ತಾಸು ಸಾಕು. ಇವೆರಡೂ ನಿಯಮ ನಮ್ಮ "ಹೊರಗೆ" ಎಂಬ ಅಂಕಿಯನ್ನು ಕಿರಿದು ಮಾಡುತ್ತವೆ.

ಬಿಟ್ಟುಹೋಗುವವರೂ ಬೇರೆ. ಅಲ್ಲಿ ಜೈಲಿನಲ್ಲಿರುವವರು, ಸೇನೆಯಲ್ಲಿರುವವರು ಛೇದದಲ್ಲೇ ಇಲ್ಲ. ಇಲ್ಲೂ ಸೇನಾ ಬ್ಯಾರಕ್‌ಗಳಿಗೆ ಸಮೀಕ್ಷೆ ಹೋಗುವುದಿಲ್ಲ. ಕಾರವಾರದ ನೌಕಾನೆಲೆಯ ಬ್ಯಾರಕ್‌ನಲ್ಲಿರುವ ಯುವಕರು ನಮ್ಮ ಜಿಲ್ಲೆಯ ಅಂಕಿಯಲ್ಲಿ ಕಾಣುವುದಿಲ್ಲ.

ಭಟ್ಕಳ ಪೇಟೆ

ಮನೆಯ ಸದಸ್ಯ ಯಾರು ಎಂಬುದನ್ನೂ ಸೇರಿಸಿ. ಒಂದೇ ಒಲೆಯ ಅನ್ನ ಉಣ್ಣುವವರು ಒಂದು ಮನೆ. 6 ತಿಂಗಳಿಗಿಂತ ಕಡಿಮೆ ಹೊರಗಿದ್ದರೆ ಸದಸ್ಯ, ಹೆಚ್ಚಾದರೆ ಅಲ್ಲ. ಎರಡು ವರ್ಷದಿಂದ ದುಬೈನಲ್ಲಿರುವ ಮಗ ಭಟ್ಕಳದ ಮನೆಯ ಪಟ್ಟಿಯಲ್ಲಿ ಇರುವುದಿಲ್ಲ. ಅವನು ಕಳಿಸುವ ಹಣದ ಮೇಲಿರುವ 58ರ ತಂದೆ ಇರುತ್ತಾನೆ, ಕೋಡ್ 94. ಬೆಂಗಳೂರಿಗೆ ಹೋದವರದ್ದೂ ಅಷ್ಟೇ. ಧಾರವಾಡದ ಹಾಸ್ಟೆಲಿನ ಹುಡುಗ ಹಾಸ್ಟೆಲಿನಲ್ಲೇ ಎಣಿಕೆಯಾಗುತ್ತಾನೆ. ದುಡಿಯುವವರು ಪಟ್ಟಿಯಿಂದ ಹೊರಹೋಗಿ ಉಳಿದವರನ್ನೇ ಎಣಿಸಿದಾಗ ಊರಿನ ಶೇಕಡಾವಾರು ಏರುವುದು ಸಹಜ. ಆದರೆ ಕಾರವಾರದಿಂದ ದಿನಾ ಗೋವಾಕ್ಕೆ ರೈಲಿನಲ್ಲಿ ಹೋಗಿ ಬರುವವನು ಇಲ್ಲಿಯ ದುಡಿಮೆಗಾರನೇ. ಲೆಕ್ಕ ವಾಸದ ಮೇಲೆ, ಕೆಲಸದ ಜಾಗದ ಮೇಲಲ್ಲ.

ಊರು ಬಿಟ್ಟವರಿಗೆ ಪ್ರತ್ಯೇಕ ಹಾಳೆ ಇಡಿ: ವಯಸ್ಸು, ಎಲ್ಲಿದ್ದಾರೆ, ಎಷ್ಟು ತಿಂಗಳಾಯಿತು. ಮುಖ್ಯ ಲೆಕ್ಕಕ್ಕೆ ಸೇರಿಸಬೇಡಿ.

ಲೆಕ್ಕದ ಹಲಗೆ (ಅಂಕೋಲಾ)

ಭಟ್ಕಳದವರು ಹೇಳಿದ್ದನ್ನು ಅಂಕಿಯಲ್ಲಿ ತೋರಿಸುತ್ತೇನೆ. ಎರಡು ಊರು ಎಂದು ಇಟ್ಟುಕೊಳ್ಳಿ. ಎರಡರಲ್ಲೂ 15-24ರಲ್ಲಿ ಶೇ 60, 25-59ರಲ್ಲಿ ಶೇ 4, 60+ರಲ್ಲಿ ಶೇ 55 ಗಂಡಸರು ಹೊರಗೆ. ದರದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಮೊದಲ ಊರಿನಲ್ಲಿ ಈ ವಯಸ್ಸಿನವರ ಪಾಲು 25, 60, 15. ಎರಡನೆಯದರಲ್ಲಿ ಯುವಕರು ಊರು ಬಿಟ್ಟು 15, 55, 30. ಮೊದಲನೆಯದರಲ್ಲಿ ಒಟ್ಟು 15 + 2.4 + 8.25 = 25.65. ಎರಡನೆಯದರಲ್ಲಿ 9 + 2.2 + 16.5 = 27.7. ಎರಡು ಅಂಶ ಏರಿತು, ಒಬ್ಬನೇ ಒಬ್ಬ ಗಂಡಸಿನ ನಡವಳಿಕೆಯೂ ಬದಲಾಗದೆ. ಆದ್ದರಿಂದ ಒಟ್ಟು ಅಂಕಿ ಕೊಡುವ ಮೊದಲು ಮೂರು ವಯೋಗುಂಪಿನ ದರ ಕೊಡಿ. ಪಂಚಾಯತಿಯ ಕಣ್ಣು ಬೀಳಬೇಕಾದದ್ದು ನಡುವಿನ ಗುಂಪಿನ ಮೇಲೆ.

ಆ ನಡುವಿನವರನ್ನು ಕೋಡ್‌ವಾರು ಬಿಡಿಸಿ: 91 ಓದು, 92 ಮನೆಗೆಲಸ, 93 ಮನೆಗೆಲಸದ ಜೊತೆ ಸೌದೆ-ಸೊಪ್ಪು ತರುವುದು, 94 ಮೇಲೆ ಹೇಳಿದ್ದು, 95 ಅಂಗವೈಕಲ್ಯದಿಂದ ಕೆಲಸ ಮಾಡಲಾಗದವರು, 97 ಇತರೆ. 97 ಉಬ್ಬಿದ್ದರೆ ಗಣತಿದಾರ ಸರಿಯಾಗಿ ಕೇಳಿಲ್ಲ ಎಂದೇ ಹೆಚ್ಚಿನ ಪಾಲು ಅರ್ಥ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ, ಅಡುಗೆ ಮಾಡುತ್ತ ಇರುವ ಗಂಡಸಿಗೆ 92 ಬರೆಯಲು ನಮ್ಮವರ ಕೈ ಏಳುವುದಿಲ್ಲ, 97ಕ್ಕೆ ತಳ್ಳುತ್ತಾರೆ. ತರಬೇತಿಯಲ್ಲೇ ಇದನ್ನು ಹೇಳಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಮನೆಯಲ್ಲಿರುವವನಿಗೆ 91 ಹಾಕಬೇಡಿ, ಅವನು ಯಾವ ಸಂಸ್ಥೆಗೂ ಹೋಗುತ್ತಿಲ್ಲ. ಅರ್ಜಿ ಹಾಕಿದ್ದಾನೆ, ಕೆಲಸ ಸಿಕ್ಕರೆ ಸೇರುತ್ತಾನೆ ಎಂದರೆ ಅವನು 81.

ತೋಟಪಟ್ಟಿ (ಶಿರಸಿ)

ಪ್ರಶ್ನೆ ಕೇಳುವ ಕ್ರಮವನ್ನೂ ಹೇಳಿಬಿಡೋಣ. "ಕೆಲಸ" ಎಂಬ ಪದದಿಂದ ಶುರು ಮಾಡಬೇಡಿ, ನಮ್ಮ ಕಡೆ ಅದು ನೌಕರಿ ಎಂದೇ ಕೇಳಿಸುತ್ತದೆ. ನಿನ್ನೆಯಿಂದ ಹಿಂದಕ್ಕೆ ಒಂದೊಂದೇ ದಿನ ಕೇಳಿ: ನಿನ್ನೆ ಗದ್ದೆಗೋ ತೋಟಕ್ಕೋ ಹೋಗಿದ್ರಾ, ದೋಣಿಗೆ? ಬಲೆ ಕೆಲಸ? ಬಳಚು (ಚಿಪ್ಪುಮೀನು) ತೆಗೆದು ಮಾರಿದ್ರಾ? ಅಂಗಡಿಯಲ್ಲಿ ಕೂತಿದ್ರಾ? ರಿಕ್ಷಾ ಓಡಿಸಿದ್ರಾ? ಅಡುಗೆಗೋ ಪೂಜೆಗೋ ಹೋಗಿದ್ರಾ? ಎಷ್ಟು ತಾಸು? ಯಾವುದಕ್ಕೂ ಹೌದು ಎನ್ನದಿದ್ದರೆ ಮಾತ್ರ: ಇದ್ದ ಕೆಲಸಕ್ಕೆ ಈ ವಾರ ಹೋಗಲಿಲ್ಲವೇ? ಅದೂ ಇಲ್ಲದಿದ್ದರೆ: ಹುಡುಕಿದಿರಾ? ಇಲ್ಲ ಎಂದರೆ: ನಾಳೆ ಸಿಕ್ಕರೆ ಹೋಗುತ್ತೀರಾ? ಅದಕ್ಕೂ ಇಲ್ಲ ಎಂದ ಮೇಲೆ "ಯಾಕೆ". ಈ ಕ್ರಮ ತಪ್ಪಿದರೆ ಮೊದಲ "ಇಲ್ಲ"ಕ್ಕೇ ಪುಟ ಮುಗಿಯುತ್ತದೆ.

ವರ್ಷದ ಲೆಕ್ಕಕ್ಕೆ ತಿಂಗಳಿಗೊಂದರಂತೆ 12 ಚೌಕಗಳ ಒಂದು ಪಟ್ಟಿ ಬರೆದು ಹಬ್ಬಗಳನ್ನು ಗುರುತಿಟ್ಟುಕೊಳ್ಳಿ: ಚೌತಿ, ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ಬಂದರು ಬಂದ್. "ನವೆಂಬರಿನಲ್ಲಿ ಏನು ಮಾಡುತ್ತಿದ್ದಿರಿ" ಎಂದರೆ ತಡವರಿಸುವವರು "ದೀಪಾವಳಿ ಹೊತ್ತಿಗೆ" ಎಂದರೆ ಥಟ್ಟನೆ ಹೇಳುತ್ತಾರೆ. ಶಿರಸಿ ಜಾತ್ರೆ ಗುರುತಿಗೆ ಬೇಡ, ಎರಡು ವರ್ಷಕ್ಕೊಮ್ಮೆ ಬರುವುದರಿಂದ ವರ್ಷ ತಪ್ಪಿಸಿ ಹೇಳುತ್ತಾರೆ.

ಸದಾಶಿವಗಡ ಸೇತುವೆ

ದೇಶದ ಅಂಕಿಗಿಂತ ಉತ್ತರ ಕನ್ನಡ ಜಿಲ್ಲೆಯದ್ದೇ ಪಿಎಲ್‌ಎಫ್‌ಎಸ್ ಅಂಕಿ ತೆಗೆಯಬಹುದಲ್ಲ? ಮೂಲ ದತ್ತಾಂಶ ಉಚಿತವಾಗಿ ಸಿಗುತ್ತದೆ ಎಂದು ಕೇಳಿದ್ದೇನೆ.

ಕಾಳಿ ಸಂಗಮ (ಕಾರವಾರ)

ಸಿಗುತ್ತದೆ. ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಕರ್ನಾಟಕದ ಕೋಡ್ 29. ತೂಕ ಹಾಕುವಲ್ಲಿ (ಮಾದರಿಯ ಒಬ್ಬ ಎಷ್ಟು ಜನರ ಪರವಾಗಿ ನಿಲ್ಲುತ್ತಾನೆ ಎಂಬ ಲೆಕ್ಕದಲ್ಲಿ) ಬಹಳ ಜನ ಎಡವುತ್ತಾರೆ: 2023-24ರವರೆಗಿನ ಕಡತಗಳಲ್ಲಿ ಎನ್‌ಎಸ್‌ಎಸ್ ಮತ್ತು ಎನ್‌ಎಸ್‌ಸಿ ಕಾಲಂ ಎರಡೂ ಸಮವಿದ್ದರೆ ಗುಣಕವನ್ನು 100ರಿಂದ ಭಾಗಿಸಿ, ಇಲ್ಲದಿದ್ದರೆ 200ರಿಂದ. ನಾಲ್ಕು ತ್ರೈಮಾಸಿಕ ಕೂಡಿಸುವಾಗ ತ್ರೈಮಾಸಿಕಗಳ ಸಂಖ್ಯೆಯಿಂದ ಮತ್ತೊಮ್ಮೆ ಭಾಗಿಸಬೇಕು. ಇದನ್ನು ಬಿಟ್ಟರೆ ಜನಸಂಖ್ಯೆ ನೂರಾರು ಪಟ್ಟು ಬರುತ್ತದೆ, ಹಾಗಾಗಿ ತಪ್ಪು ಬೇಗ ಕಾಣುತ್ತದೆ. ಆದರೆ 100-200ರ ಭೇದ ಮರೆತರೆ ಶೇಕಡಾವಾರು ಸ್ವಲ್ಪವೇ ಕದಲುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಜಿಲ್ಲೆಯ ಅಂಕಿಯನ್ನು ನಂಬುವುದು ಬೇರೆ ಮಾತು. ಜಿಲ್ಲೆಯಲ್ಲಿ 250 ಗಂಡಸರು ಸಿಕ್ಕರು, ಶೇ 21 ಹೊರಗೆ ಎಂದುಕೊಳ್ಳಿ. 0.21 × 0.79ನ್ನು 250ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.026. ಶೇ 95ರ ಭರವಸೆಗೆ ಆಚೀಚೆ 5 ಅಂಶ. ಮಾದರಿ ಕೆಲವೇ ಊರುಗಳಿಂದ ಗುಂಪುಗುಂಪಾಗಿ ಬರುವುದರಿಂದ ವಿನ್ಯಾಸದ ಪರಿಣಾಮ (ಗುಂಪಾಗಿ ಆರಿಸಿದ್ದರಿಂದ ಅನಿಶ್ಚಿತತೆ ಏರುವ ಅಳತೆ) 2 ಎಂದು ಹಿಡಿದರೆ ಆಚೀಚೆ 7. ಅಂದರೆ 14ರಿಂದ 28ರ ನಡುವೆ ಎಲ್ಲಾದರೂ ಇರಬಹುದು. ಅದರಿಂದ ಈ ವರ್ಷ ಏರಿತು, ಇಳಿಯಿತು ಎನ್ನಲಾಗದು. 2025ರಿಂದ ಮಾದರಿಗೆ ಆರಿಸುವ ಹಳ್ಳಿಗಳು ಮತ್ತು ಪಟ್ಟಣದ ಬ್ಲಾಕುಗಳು ಸೇರಿ 12,800ರಿಂದ 22,692ಕ್ಕೆ ಏರಿವೆ, ಜಿಲ್ಲೆಯನ್ನೇ ಮೂಲ ಘಟಕವಾಗಿ ತೆಗೆದುಕೊಂಡಿದ್ದಾರೆ. ಇದು ಒಳ್ಳೆಯ ಹೆಜ್ಜೆ, ಆದರೂ ವಯೋಗುಂಪಿನವರೆಗೆ ಬಿಡಿಸಲು ಸಾಲದು. ಸದ್ಯಕ್ಕೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮೂರೂ ಸೇರಿದ ಕರಾವಳಿ ವಲಯದ ಅಂಕಿಯನ್ನು ಎರಡು ಮೂರು ವರ್ಷ ಕೂಡಿಸಿ ತೆಗೆಯಿರಿ.

ಗಜನಿ ಗದ್ದೆ (ಕುಮಟಾ)

ನಮ್ಮ 300 ಮನೆಗೂ ಇದೇ ಸೂತ್ರ ಹಾಕಬೇಕೇ?

ಲೆಕ್ಕದ ಹಲಗೆ (ಅಂಕೋಲಾ)

ಮೂರು ಮಜರೆಗಳ ಎಲ್ಲ ಮನೆಗಳನ್ನೂ ಎಣಿಸುತ್ತಿದ್ದರೆ ಬೇಡ, ಅದು ಮಾದರಿಯಲ್ಲ. ನಿಮಗೆ ಬರುವ ತಪ್ಪು ಬೀಗ ಹಾಕಿದ ಮನೆಗಳಿಂದ, ಯಜಮಾನರೊಬ್ಬರೇ ಕೊಟ್ಟ ಉತ್ತರಗಳಿಂದ, ನೀವು ಎಣಿಸಲು ಹೋಗುವ ವಾರ ಯಾವುದು ಎಂಬುದರಿಂದ. ಬೀಗ ಹಾಕಿದ ಮನೆಗೆ ಇನ್ನೆರಡು ಬಾರಿ ಹೋಗಿ, ಒಮ್ಮೆ ಸಂಜೆ. ದುಡಿಯಲು ಹೋದವರ ಮನೆಗೇ ಹಗಲು ಬೀಗ ಇರುತ್ತದೆ, ಅವನ್ನು ಬಿಟ್ಟರೆ ಹೊರಗಿನವರ ಪಾಲು ಸುಳ್ಳಾಗಿ ಉಬ್ಬುತ್ತದೆ.

ಗಜನಿ ಗದ್ದೆ (ಕುಮಟಾ)

ತಿದ್ದಿದ ಯೋಜನೆ ಹೀಗಿದೆ. ಜೂನ್‌ನಲ್ಲಿ 12 ತಿಂಗಳ ಪಟ್ಟಿ, ಮುಖ್ಯ ಮತ್ತು ಪೂರಕ ಎರಡೂ ಕಾಲಂ. ವಾರದ ಪ್ರಶ್ನೆಯನ್ನು ಜೂನ್‌ನಲ್ಲಿ ಒಮ್ಮೆ, ಚೌತಿ ಮುಗಿದ ಮೇಲೆ ಸೆಪ್ಟೆಂಬರ್ ಕೊನೆಯಲ್ಲಿ ಅದೇ ಮನೆಗಳಿಗೆ ಇನ್ನೊಮ್ಮೆ. ಮೂರು ವಯೋಗುಂಪು, 91ರಿಂದ 97ರವರೆಗಿನ ಕೋಡ್, ಉತ್ತರಿಸಿದವರು ಯಾರು, ಊರು ಬಿಟ್ಟವರ ಹಾಳೆ ಬೇರೆ. ಬಿಟ್ಟದ್ದೇನಾದರೂ ಇದೆಯೇ?

ಬೈತಖೋಲ ಧಕ್ಕೆ (ಕಾರವಾರ)

ಚೌತಿ ಮುಗಿದು ಒಂದು ವಾರ ಬಿಟ್ಟು ಹೋಗಿ. ಹಬ್ಬಕ್ಕೆ ದಡದಲ್ಲೇ ಉಳಿದ ದಿನಗಳು ನಿಮ್ಮ 7 ದಿನದೊಳಗೆ ಸಿಕ್ಕಿಹಾಕಿಕೊಳ್ಳಬಾರದು. ಗಾಳಿ ಎದ್ದು ಬೋಟು ಹೋಗದ ವಾರವಾದರೆ ಹಾಳೆಯ ತಲೆಯ ಮೇಲೆ ಅದನ್ನು ಬರೆದಿಡಿ.